ಮೋರಿಗೆ ಚಪ್ಪಡಿ

ಲಗ್ಗೆರೆ
17 ಆಗಸ್ಟ್ 2025

ಪ್ರೀತಿಯ ತುಂಗಾ,

ತುಮಕೂರಿನಲ್ಲಿ ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ತಪ್ಪಿಸಿಕೊಳ್ಳುತ್ತೇನೆ. ಅದಕ್ಕೇ ಬರೆಯಲು ಕೂತೆ.

ಲಿಂಗಮ್ಮಜ್ಜಿ ಬಿದ್ದದ್ದು ನಿಜ. ಹೋದ ವಾರ ಮಳೆ ನಿಂತ ಮೇಲೆ ಹೂವಿನ ಬುಟ್ಟಿ ಹಿಡಿದು ಹೊರಟವರು ನಮ್ಮ ಮನೆಯ ಮುಂದಿನ ಮೋರಿಗೇ ಬಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ನಾವಿಬ್ಬರೂ ಗಾರ್ಮೆಂಟ್ಸ್‌ಗೆ ಹೊಸದಾಗಿ ಸೇರಿದಾಗ ಕರೆದು ಮುದ್ದೆ ಬಡಿಸಿದ ಜೀವ ಅದು. ಈಗ ಮಗ್ಗುಲಾಗಲೂ ಇನ್ನೊಬ್ಬರು ಬೇಕು.

"ಯುನಿವರ್ಸಿಟಿಯವರು ಬೀದಿ ಉದ್ಧಾರ ಮಾಡಿದ್ರು ಅಂದ್ಯಲ್ಲೇ, ಮೋರಿ ಯಾಕೆ ತೆರೆದಿತ್ತು?" ಎಂದು ವಾಯ್ಸ್ ಮೆಸೇಜಿನಲ್ಲಿ ಕೇಳಿದ್ದೀಯ. ಹೇಳುತ್ತೇನೆ.

ಹೋದ ವರ್ಷ ಯಶ್ವಂತ್ ಎಂಬ ಪ್ರೊಫೆಸರು ಇಪ್ಪತ್ತು ವಿದ್ಯಾರ್ಥಿಗಳನ್ನು ಕರೆತಂದರು. "ನಾವು ಕಲಿಸೋಕೆ ಬಂದಿಲ್ಲ, ನಿಮ್ಮ ಜೊತೆ ಸೇರಿ ಕೆಲಸ ಮಾಡೋಕೆ ಬಂದಿದೀವಿ. ಏನು ಬೇಕೋ ನೀವೇ ಹೇಳಿ" ಅಂದರು. ಮಹಿಳಾ ಸಂಘದ ಅಧ್ಯಕ್ಷೆ ನಾನಲ್ಲವೇ, ಮನೆಮನೆಗೂ ಕರೆದುಕೊಂಡು ಹೋದೆ. ಶಿಫ್ಟ್ ಮುಗಿಸಿ ಸುಸ್ತಾಗಿ ಬಂದ ಹೆಂಗಸರನ್ನು ಚಾಪೆ ಹಾಸಿ ಕೂರಿಸಿದೆ. ಎಲ್ಲರೂ ಹೇಳಿದ್ದು ಒಂದೇ: ಮೋರಿಗೆ ಚಪ್ಪಡಿ ಹಾಕಿಸಿ. ಲಿಂಗಮ್ಮಜ್ಜಿಯಂತೂ ಪ್ರೊಫೆಸರ ಕೈ ಹಿಡಿದು ಎಳೆದೊಯ್ದು, "ಮಳೆ ಬಂದ್ರೆ ಯಾವ್ದು ರೋಡು, ಯಾವ್ದು ಮೋರಿ ಗೊತ್ತಾಗಲ್ಲ ಕಣಪ್ಪ" ಎಂದು ತೋರಿಸಿದರು. ಎಲ್ಲ ಬರೆದುಕೊಂಡರು. ತಿಂಗಳು ಬಿಟ್ಟು ಇನ್ನೊಂದು ತಂಡ ಬಂದು ಅವೇ ಪ್ರಶ್ನೆ ಕೇಳಿತು. ಮತ್ತೆ ಅದನ್ನೇ ಹೇಳಿದೆವು.

ಕೊನೆಗೆ ಬಂದದ್ದು ಬಣ್ಣದ ಡಬ್ಬಗಳು. ಗೋಡೆಗಳ ಮೇಲೆಲ್ಲ ನವಿಲು, ಸೂರ್ಯಕಾಂತಿ. ಚೆನ್ನಾಗಿಲ್ಲ ಅನ್ನಲಾರೆ. ಆದರೆ ನವಿಲಿನ ಕಾಲಡಿಯಲ್ಲೇ ಮೋರಿ ನಾರುತ್ತಿತ್ತು. "ಸಾರ್, ಚಪ್ಪಡಿ?" ಅಂದೆ. "ಸಿವಿಲ್ ಕೆಲಸ ನಮ್ಮ ಪ್ರಾಜೆಕ್ಟಲ್ಲಿ ಬರಲ್ಲ ಮೇಡಂ. ವಾರ್ಡ್ ಆಫೀಸಿಗೆ ನಮ್ಮ ವರದಿ ಕಳಿಸಿದೀವಿ, ಅಲ್ಲಿ ಕೇಳಿ" ಅಂದರು.

ಅರ್ಧ ದಿನ ರಜೆ ಹಾಕಿ ಆರು ಜನ ಹೋದೆವು. ಅಲ್ಲಿನ ಇಂಜಿನಿಯರ್ ನಕ್ಕ. "ಏನಮ್ಮಾ, ನಿಮ್ ಬೀದಿ ಪೇಪರ್‌ನಲ್ಲೇ ಬಂತಲ್ಲ! ಚಪ್ಪಡಿ ಹಾಕೋ ಪಟ್ಟಿಯಲ್ಲಿ ಮೂರನೇದಿತ್ತು ನಿಮ್ ಮೋರಿ. ಅಭಿವೃದ್ಧಿ ಆಗಿದೆ ಅಂತ ವರದಿ ಬಂತು, ತೆಗೆದುಬಿಟ್ವಿ."

ತುಂಗಾ, ಯಾರೂ ತಿರುಗಿ ನೋಡದಿದ್ದ ಕಾಲದಲ್ಲಿ ಪಟ್ಟಿಯಲ್ಲಾದರೂ ಇದ್ದೆವು. ನೋಡಲು ಬಂದವರಿಂದ ಅದೂ ಹೋಯಿತು.

ಅಜ್ಜಿ ಬಿದ್ದ ಸುದ್ದಿ ಕೇಳಿ ಯಶ್ವಂತ್ ಸಾರ್ ಆಸ್ಪತ್ರೆಗೆ ಹಣ್ಣು ತಂದರು. ಬಾಗಿಲಲ್ಲೇ ನಿಲ್ಲಿಸಿ, ಇಡೀ ವಾರ್ಡಿಗೆ ಕೇಳುವ ಹಾಗೆ ಬೈದೆ. "ನಿಮ್ ಫೋಟೋಗೆ ನಮ್ ಬೀದಿ ಬೇಕಿತ್ತು, ನಾವು ಬೇಕಿರ್ಲಿಲ್ಲ" ಅಂದೆ. ಅವರು ತಲೆ ತಗ್ಗಿಸಿ, "ವರ್ಷದೊಳಗೆ ಕಣ್ಣಿಗೆ ಕಾಣೋ ಕೆಲಸ ಆಗ್ಬೇಕು ಅಂತ ಮೇಲಿನವರು ಹೇಳಿದ್ರು" ಅಂದು ಹಣ್ಣು ಬೆಂಚಿನ ಮೇಲಿಟ್ಟು ಹೋದರು.

ಈಗ ಪೀಣ್ಯದ ಫ್ಯಾಕ್ಟರಿಯಿಂದ ಹಳೇ ಹಲಗೆ ತಂದು ನಾವೇ ಮೋರಿ ಮುಚ್ಚಿದ್ದೇವೆ. ಕಾಲಿಟ್ಟರೆ ಅಲ್ಲಾಡುತ್ತದೆ. ನಾಳೆ ಮತ್ತೆ ಅರ್ಜಿ ಹಿಡಿದು ಹೋಗಬೇಕು.

ನಿನ್ನ ಮಂಡಿನೋವು ಬೇಗ ವಾಸಿಯಾಗಲಿ. ಮಕ್ಕಳು ನೂರು ಕಾಲ ಸುಖವಾಗಿರಲಿ. ಸಾಧ್ಯವಾದರೆ ಒಂದು ದಿನ ಬಂದು ಅಜ್ಜಿಯನ್ನು ನೋಡಿಕೊಂಡು ಹೋಗು.

ನಿನ್ನ
ಶೋಭಾರಾಣಿ

ತಾ.ಕ.: ಇಷ್ಟು ಬರೆದೂ ನಿಜ ಬರೆದಿಲ್ಲ. ನಿನ್ನೆ ಅಮೂಲ್ಯಾ ಎಂಬ ವಿದ್ಯಾರ್ಥಿನಿ ಅಜ್ಜಿಯನ್ನು ನೋಡಲು ಬಂದಿದ್ದಳು. ವಾರ್ಡ್ ಆಫೀಸಿಗೆ ಕಳಿಸಿದ್ದ ಆ ಇಂಗ್ಲಿಷ್ ವರದಿಯನ್ನು ಅವಳ ಕೈಲಿ ಕನ್ನಡದಲ್ಲಿ ಓದಿಸಿದೆ. "ನಿವಾಸಿಗಳ ಮೊದಲ ಆಯ್ಕೆ ಗೋಡೆಗೆ ಬಣ್ಣ" ಎಂದಿದೆ. ಕೆಳಗಿರುವುದು ನನ್ನ ಸಹಿ. ಸಹಿ ಕೇಳಿದ ದಿನ ಯುನಿವರ್ಸಿಟಿಯವರೆಲ್ಲ ಎದ್ದು ನಿಂತು ನನಗೆ ಕುರ್ಚಿ ಕೊಟ್ಟಿದ್ದರು, ಮೇಡಂ ಅಂದಿದ್ದರು. ಇಂಗ್ಲಿಷ್ ಬರುವುದಿಲ್ಲ ಎನ್ನಲು ನಾಚಿಕೆಯಾಗಿ, ಓದುವ ಹಾಗೆ ಕಣ್ಣಾಡಿಸಿ ಸಹಿ ಹಾಕಿಬಿಟ್ಟೆ. ಆಸ್ಪತ್ರೆಯಲ್ಲಿ ಅಷ್ಟು ಬೈದರೂ ಸಾರ್ ಆ ಮಾತೆತ್ತಲಿಲ್ಲ. ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಗಂಜಿ ಕುಡಿಸುವಾಗಲೆಲ್ಲ ಅಜ್ಜಿ, "ನೀನೊಬ್ಳಾದ್ರೂ ನಮಗೋಸ್ಕರ ಜಗಳ ಆಡ್ದೆ ಕಣವ್ವ" ಎಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಬಿಡಿಸಿಕೊಳ್ಳಲು ಆಗುವುದಿಲ್ಲ.