ಅಕ್ಕನ ಮಾತ್ರೆ

ಅಕ್ಕಾ,

ನೀನು ಕಳಿಸಿದ ಥೈರಾಯ್ಡ್ ಮಾತ್ರೆಗಳನ್ನು ವಾಪಸು ಕಳಿಸುತ್ತಿದ್ದೇನೆ. “ಒಂದೇ ಕಾಯಿಲೆ ಕಣೇ, ಸುಮ್ನೆ ನುಂಗು” ಅಂತ ಬೇರೆ ಅಪ್ಪಣೆ! ಎಷ್ಟು ಸಲ ಬಾಯಿ ಬಡಿದುಕೊಳ್ಳಲಿ? ಇಬ್ಬರಿಗೂ ನಮ್ಮ ಮೈಯೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿರುವುದು ನಿಜ. ಆದರೆ ನಿನ್ನದು ಅತಿಯಾಗಿ ಕೆಲಸ ಮಾಡುತ್ತದೆ, ನನ್ನದು ಮಲಗಿಬಿಟ್ಟಿದೆ. ನಿನ್ನ ಮಾತ್ರೆ ಕಡಿವಾಣ ಹಾಕುತ್ತದೆ, ನನ್ನದು ಕೊರತೆ ತುಂಬುತ್ತದೆ. ಹೊಲಿಗೆ ಮಿಷನ್ ಮೇಲೆಯೇ ತೂಕಡಿಸುವ ನಾನು ನಿನ್ನದನ್ನೂ ನುಂಗಿದ್ದರೆ ಗಿರಾಕಿಗಳೇ ಬಂದು ಎಬ್ಬಿಸಬೇಕಿತ್ತು. ಹಂಚಿಕೊಳ್ಳಲು ಇದೇನು ಸ್ವೆಟರಾ?

ಇಷ್ಟು ಬರೆದು, ಪೊಟ್ಟಣ ಕಟ್ಟುವಾಗ ಒಳಗಿದ್ದ ಡಾಕ್ಟರ ಚೀಟಿಯ ಲೆಕ್ಕಕ್ಕೆ ಎಣಿಸಿ ನೋಡಿದೆ. ಡಾಕ್ಟರು ನಿನಗೆ ಬರೆದುಕೊಟ್ಟ ಮಾತ್ರೆಗಳೆಲ್ಲ ಇದರಲ್ಲೇ ಇವೆ, ಒಂದೂ ಖರ್ಚಾಗಿಲ್ಲ. ಹಾಗಾದರೆ ನೀನು ಏನು ನುಂಗುತ್ತಿದ್ದೀಯ? ಎದೆ ಡವಡವ ಅನ್ನುತ್ತದೆ ಎಂದು ಮೊನ್ನೆ ಫೋನಿನಲ್ಲಿ ಅತ್ತವಳು ನೀನೇ ತಾನೇ? ಇವತ್ತೇ ಡಾಕ್ಟರ ಹತ್ತಿರ ಹೋಗು. ದಿನವಿಡೀ ತೂಕಡಿಸುವವಳ ನಿದ್ದೆಯನ್ನೂ ಕೆಡಿಸಿಬಿಟ್ಟೆಯಲ್ಲಕ್ಕಾ!

ನಿನ್ನ ತಂಗಿ