ಹತ್ತೇ ನಿಮಿಷದ ವ್ಯತ್ಯಾಸ

ಮಾರ್ಚ್ ೧೪, ಗುರುವಾರ

ಹತ್ತು ನಿಮಿಷ! ಸೂರ್ಯ ಕಾರಿಕೊಂಡ ಬೆಂಕಿಮೋಡ ನಾನು ಹೇಳಿದ ಹೊತ್ತಿಗೆ ಬಂದು ಭೂಮಿಗೆ ಬಡಿಯಿತು. ಹತ್ತೇ ನಿಮಿಷ ಆಚೀಚೆ. ಇಂಥ ಮೋಡ ಬರುವ ಹೊತ್ತು ಹೇಳುವ ಈ ಕಸುಬಿನಲ್ಲಿ ಆರೇಳು ಗಂಟೆ ತಪ್ಪಿದರೂ ಯಾರೂ ಬೈಯುವುದಿಲ್ಲ. ಇಷ್ಟು ಸರಿ ಬಂದದ್ದೇ ನನಗೆ ಅನುಮಾನ. ಎಲ್ಲರೂ ಚಪ್ಪಾಳೆ ತಟ್ಟುವಾಗಲೂ ಒಳಗೊಳಗೇ ಕಸಿವಿಸಿ.

ಊಟವಾದ ಮೇಲೆ ನೋಟ್‌ಬುಕ್ ತೆಗೆದು ನೋಡಿದೆ. ಕಚೇರಿಯಲ್ಲಿ ನಮ್ಮ ಕೋಣೆಯ ಗೋಡೆಯ ಮೇಲೆ ಎರಡು ಗಡಿಯಾರ: ಒಂದು ಲೋಕಕ್ಕೆಲ್ಲ ಒಂದೇ ಆದ ವೇಳೆಯದು, ಇನ್ನೊಂದು ನಮ್ಮೂರಿನದು. ಲೆಕ್ಕವೆಲ್ಲ ಮೊದಲನೆಯದರಲ್ಲಿ. ಸೂರ್ಯನಲ್ಲಿ ಸ್ಫೋಟವಾದ ಹೊತ್ತನ್ನು ಮಾತ್ರ ನಾನು ಎರಡನೆಯದನ್ನು ನೋಡಿ ಬರೆದಿದ್ದೇನೆ! ಮೋಡ ನಿಜಕ್ಕಿಂತ ಐದೂವರೆ ಗಂಟೆ ತಡವಾಗಿ ಹೊರಟಿತೆಂದು ಲೆಕ್ಕ ಹಾಕಿದ್ದೆ. ಅದು ದಾರಿಯಲ್ಲಿ ಅಷ್ಟೇ ತಡ ಮಾಡಿ ನನ್ನ ಮಾನ ಉಳಿಸಿದೆ.

“ಸರಿಯಾಗೇ ಬಂತಲ್ಲ, ಇನ್ನೇನು ಕೊರಗು ನಿಂದು?” ಅಂದರು ಇವರು, ಪಾತ್ರೆ ಒರೆಸುತ್ತಾ.

ಇವರಿಗೇನು ಗೊತ್ತು? ಸಂಜೆ ನಮ್ಮ ಕೇಂದ್ರದ ನಿರ್ದೇಶಕರು ಬೆನ್ನು ತಟ್ಟುವುದೊಂದೇ ಬಾಕಿ ಇತ್ತು. “ಇನ್ಮೇಲೆ ಎಲ್ಲರೂ ನಿಮ್ಮ ಥರಾನೇ ಲೆಕ್ಕ ಹಾಕ್ಲಿ ಮೇಡಂ. ನಾಳೆ ಹತ್ತಕ್ಕೆ ಹೇಳ್ಕೊಡಿ.”

ಯಾವ ಗಡಿಯಾರ ನೋಡಿ ಅಂತ ಹೇಳಿಕೊಡಲಿ...