ಬಿಳಿ ಗಿಣಿಗಳ ಮೇಲೊಂದು ದೂರು

ವೊಲೊಂಗಾಂಗ್
ಮಾರ್ಚ್ ೯

ಪ್ರೀತಿಯ ನರೆಲ್,

ಹೇಗಿದ್ದೀಯ? ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ. ಬೈದುಕೊಂಡೇ ಓದು, ಬೇಸರವಿಲ್ಲ. ನೀನೀಗ ಕಲಿಸುವ ಡಬ್ಬೋ ಊರಿನ ಶಾಲೆಯ ಮಕ್ಕಳು ನಿನ್ನನ್ನು ಗೋಳು ಹೊಯ್ದುಕೊಳ್ಳುತ್ತಾರೆ ಎಂದಿದ್ದೆಯಲ್ಲ, ಇಲ್ಲಿ ನನ್ನನ್ನು ಗೋಳು ಹೊಯ್ದುಕೊಂಡದ್ದು ಗಿಣಿಗಳು.

ಹೌದು, ಹಳದಿ ಜುಟ್ಟಿನ ಆ ಬಿಳಿ ಗಿಣಿಗಳೇ. ಈ ಬೇಸಿಗೆ ನಮ್ಮ ಸೌರಫಲಕಗಳನ್ನು ಕೊನೆಗೂ ಪ್ರಯೋಗಾಲಯದ ಚಾವಣಿಗೆ ಏರಿಸಿದೆವು. ಇಲ್ಲಿನ ಪದ್ಧತಿ ನಿನಗೆ ಗೊತ್ತಲ್ಲ: ತೇವ ಸೋಕದ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಫಲಕಗಳನ್ನು ರಾಶಿ ರಾಶಿ ಮಾಡುವುದು, ಚೆನ್ನಾಗಿ ಬಂದ ಒಂದನ್ನು ‘ಚಾಂಪಿಯನ್’ ಎಂದು ಮೆರೆಸುವುದು, ಉಳಿದದ್ದೆಲ್ಲ ಕಸಕ್ಕೆ. ನನಗೆ ಅದು ಸಾಕಾಗಿಹೋಗಿತ್ತು. ನಿನ್ನನ್ನು ಇಲ್ಲಿನ ಕೆಲಸದಿಂದ ಬಿಡಿಸಿದ ದಿನ ನೀನು, "ನನ್ನ ಪದರ ಚಾವಣಿ ಹತ್ತೋವರೆಗೂ ಬಿಡಬೇಡ ಕಣೆ" ಎಂದಿದ್ದೆ. ನಾನು ಬಿಡಲಿಲ್ಲ. ಒಂದು ಪರಮಾಣುವಿನಷ್ಟೇ ದಪ್ಪದ ಹಾಳೆಗಳ ನಿನ್ನ ಆ ಪದರ ಫಲಕಕ್ಕೆ ತೇವ ತಡೆಯುತ್ತದೆ ಎಂದರೆ ನಮ್ಮ ನಿರ್ದೇಶಕ ಲೈಲ್ ಮಹಾಶಯ ಈಗಲೂ ನಗುತ್ತಾನೆ. ಫಲಕಗಳು ಬೇಸಿಗೆ ದಾಟದಿದ್ದರೆ ಯೋಜನೆಯನ್ನೇ ಮುಚ್ಚುತ್ತೇನೆ ಎಂದಿದ್ದ.

ಕಳೆದ ತಿಂಗಳು ಒಂದು ಬೆಳಿಗ್ಗೆ ಮೇಲೆ ಹೋಗಿ ನೋಡಿದರೆ, ಫಲಕಗಳ ಅಂಚಿಗೆ ಹಚ್ಚಿದ್ದ ರಬ್ಬರನ್ನೆಲ್ಲ ಆ ದರಿದ್ರ ಹಕ್ಕಿಗಳು ಎಳೆ ಎಳೆಯಾಗಿ ಕಿತ್ತು ಹಾಕಿದ್ದವು. ಒಂದಂತೂ ನನ್ನೆದುರೇ ಕೂತು ಜುಟ್ಟು ಕೆದರಿ ಕಿರುಚಿತು. ಕಪ್ಪಗಿರಬೇಕಾದ ಫಲಕಗಳು ತೇವ ಹೊಕ್ಕು, ಕೆಟ್ಟು ಹಳದಿಯಾಗಿದ್ದವು. ಅಳು ಬಂತು, ಅತ್ತುಬಿಟ್ಟೆ.

ವರ್ಕ್‌ಶಾಪಿನ ಬ್ರಾಂಕೊ ಬಂದು ನೋಡಿ, "ಇವು ನಮ್ಮನೆ ಆಂಟೆನಾ ವೈರನ್ನೇ ಬಿಡಲ್ಲ. ಮೆತ್ತಗಿನ ರಬ್ಬರ್ ಹಚ್ಚಿ ತಿಂಡಿ ಬಡಿಸಿದ್ದೀಯಲ್ಲಮ್ಮ!" ಅಂದ.

"ಹಚ್ಚುವಾಗ ಪಕ್ಕದಲ್ಲೇ ಇದ್ದೆಯಲ್ಲ, ಆಗ ಬಾಯಿಗೆ ಏನಾಗಿತ್ತು?" ಎಂದು ರೇಗಿದೆ.

"ನಂಗೂ ಹೊಳೀಲಿಲ್ಲ ಬಿಡು" ಎಂದು ತಲೆ ಕೆರೆದುಕೊಂಡ.

ಲೈಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಕ್ಕಿ ಮಾಡಿದ್ದಕ್ಕೆ ನಿನ್ನನ್ನ ಹೇಗೆ ಬೈಲಿ ಬ್ರಿಡ್ಜೆಟ್? ಗಟ್ಟಿ ಅಂಚು ಹಾಕ್ಸು. ಇನ್ನೊಂದು ಬೇಸಿಗೆ ಕೊಟ್ಟಿದ್ದೀನಿ, ಹೋಗು." ಎಲ್ಲರೂ ಬೆನ್ನು ತಟ್ಟಿದರು. ಅಂದಿನಿಂದ ಯಾರನ್ನು ಕಂಡರೂ ಸಿಡುಕುತ್ತಿದ್ದೇನೆ. ನಿನ್ನೆ ಚಹಾದ ಹೊತ್ತಿಗೆ ಬ್ರಾಂಕೊ ಕೇಳಿಯೇಬಿಟ್ಟ: "ಬೇಕಾದ್ದು ಸಿಕ್ತಲ್ಲ, ಮತ್ಯಾಕೆ ಮುಖ ಊದಿಸ್ಕೊಂಡಿದ್ದೀಯ?" ಕಪ್ಪನ್ನು ಕುಕ್ಕಿ ಎದ್ದು ಬಂದೆ. ಪಾಪ, ಅವನದೇನೂ ತಪ್ಪಿಲ್ಲ.

ಬಿಸಿಲಿಗೆ ಹೋಗುವಾಗ ಟೋಪಿ ಮರೆಯಬೇಡ. ನಿನ್ನ ತರಗತಿಯ ಪುಂಡರಿಗೆಲ್ಲ ಒಳ್ಳೆಯದಾಗಲಿ, ನಿನಗೆ ಅವರಿಗಿಂತ ಒಂದು ಪಾಲು ಹೆಚ್ಚೇ ಆಗಲಿ.

ನಿನ್ನ
ಬ್ರಿಡ್ಜೆಟ್

ತಾ.ಕ.: ಇದು ಮರೆತ ಮಾತಲ್ಲ, ಬರೆಯಲಾಗದೆ ಕೊನೆಗೆ ಉಳಿದದ್ದು. ಗಾಳಿಯ ವೇಗ ಅಳೆಯುವ ಯಂತ್ರದ ಬಟ್ಟಲುಗಳು ಗಿರಗಿರ ತಿರುಗುವ ಮೂಲೆಯಲ್ಲಿ ಒಂದು ಫಲಕವಿತ್ತು. ನಿನ್ನ ಪದರವನ್ನು ನಾನು ಎಲ್ಲಕ್ಕಿಂತ ಚೆನ್ನಾಗಿ ಹಾಸಿದ್ದು ಅದರಲ್ಲೇ. ಬಟ್ಟಲುಗಳಿಗೆ ಹೆದರಿ ಗಿಣಿಗಳು ಅತ್ತ ಸುಳಿದೇ ಇಲ್ಲ, ರಬ್ಬರಿನ ಮೇಲೆ ಒಂದು ಗೀರೂ ಇಲ್ಲ. ಅದೂ ಹಳದಿಯಾಗಿದೆ. ನನ್ನನ್ನು ಬಿಟ್ಟು ಇನ್ನೂ ಯಾರೂ ನೋಡಿಲ್ಲ. ನಾಳೆ ಲೈಲ್‌ಗೆ ಹೇಳುತ್ತೇನೆ, ಯೋಜನೆ ಮುಚ್ಚಿದರೆ ಮುಚ್ಚಲಿ. ಅವನಿಗಿಂತ ಮೊದಲು ನಿನಗೆ ಹೇಳಬೇಕೆನಿಸಿತು. ಹಕ್ಕಿ ಅದನ್ನು ಮುಟ್ಟಿರಲಿಲ್ಲ, ನರೆಲ್.